ಹೊಟ್ಟೆ ಚಪ್ಪಟೆಯಾಯಿತು ಎಂದು ಬರೆದ ಬಸುರಿ ಕೂಸಿಗೆ

ಶಿರಸಿ ಸೀಮೆ,
ಪುನರ್ವಸು ಮಳೆ, ಮಂಗಳವಾರ ರಾತ್ರಿ

ಪ್ರೀತಿಯ ಕೂಸಿಗೆ ಸೋದರತ್ತೆಯ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಸಂಜೆ ಕೈಗೆ ಬಂತು. ಖಾಲಿ ಉಪ್ಪಿನಕಾಯಿ ಡಬ್ಬಿಯ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿಗೆ ಕೊಟ್ಟಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಈ ಮಳೆಗೆ ಅಕ್ಷರ ಉಳಿಯುತ್ತಿರಲಿಲ್ಲ. ಡಬ್ಬಿ ತೊಳೆದಿಡೋಣ ಅಂತ ಮುಚ್ಚಳ ತೆಗೆದವಳು ಬಚ್ಚಲ ಬಾಗಿಲಲ್ಲೇ ನಿಂತು ಓದಿದೆ.

ಮೂರು ಪುಟ ತುಂಬ ಕಾರವಾರದ ಮಳೆ, ಅಳಿಯನ ಶಿಫ್ಟು, ಮೀನು ಪೇಟೆ ದಾಟುವಾಗ ಸೆರಗು ಮೂಗಿಗೆ ಒತ್ತಿಕೊಂಡು ಓಡಿದ್ದು. ಓದುತ್ತ ನಗು ಬಂತು. ಆಮೇಲೆ ಕೊನೆಯ ಪುಟದ ಕೆಳಗೆ, ಜಾಗವೇ ಇಲ್ಲದ ಕಡೆ ತುರುಕಿ ಬರೆದ ಮೂರು ಸಾಲು. ‘ಅತ್ತೆ, ಎರಡು ವಾರದ ಹಿಂದೆ ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಮೊನ್ನೆಯಿಂದ ಮತ್ತೆ ಚಪ್ಪಟೆಯಾಗಿದೆ. ಒಳಗೆ ಏನೂ ಇಲ್ಲವೇನೋ ಅನ್ನಿಸ್ತದೆ, ಯಾರಿಗೂ ಹೇಳಿಲ್ಲ.’

ಆ ಮೂರು ಸಾಲಿನ ನಂತರ ನಾನು ಡಬ್ಬಿಯನ್ನೂ ತೊಳೆಯಲಿಲ್ಲ, ದೇವರ ದೀಪವನ್ನೂ ಹೊತ್ತಿಗೆ ಸರಿಯಾಗಿ ಹಚ್ಚಲಿಲ್ಲ. ನಿಮ್ಮ ಮಾವ ಎರಡು ಸಲ ಕೇಳಿದರು, ಏನಾಯ್ತು ಅಂತ. ಅವರಿಗೆ ಹೇಳಲಿಲ್ಲ. ನೀನು ನನಗೊಬ್ಬಳಿಗೇ ಬರೆದದ್ದು ಅಲ್ವಾ.

ಮೊದಲು ಇದನ್ನು ಹೇಳಿಬಿಡುತ್ತೇನೆ. ಬಸಿರಿನ ಹನ್ನೊಂದನೇ ವಾರದಲ್ಲಿ ಹೊಟ್ಟೆ ಚಪ್ಪಟೆಯಾಗಿ ಕಂಡರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಕೆಟ್ಟದೂ ಗೊತ್ತಾಗುವುದಿಲ್ಲ, ಒಳ್ಳೆಯದೂ ಗೊತ್ತಾಗುವುದಿಲ್ಲ. ಯಾಕೆಂದರೆ ಎರಡು ವಾರದ ಹಿಂದೆ ಮುಂದೆ ಬಂದಿದ್ದದ್ದು ಮಗು ಅಲ್ಲ, ನಿನ್ನ ಕರುಳು.

ಬಸುರಿಲ್ಲದಾಗ ಗರ್ಭಕೋಶ ಅಂದರೆ ಒಂದು ಪೇರಲೆ ಕಾಯಿಯಷ್ಟು. ಆಕಾರವೂ ಹೆಚ್ಚುಕಡಿಮೆ ಹಾಗೇ. ಮೊದಲ ಮೂರು ತಿಂಗಳು ಅದು ಬೆಳೆಯುವುದು ಸೊಂಟದ ಮೂಳೆಗಳ ಬಟ್ಟಲಿನ ಒಳಗೆ. 12ನೇ ವಾರದ ಹೊತ್ತಿಗೆ ಗರ್ಭಕೋಶದ ಮೇಲಂಚು ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಸ್ವಲ್ಪವೇ ಮೇಲೆ ಬರುತ್ತದೆ. ಹೊಕ್ಕುಳ ಮುಟ್ಟುವುದು 20ನೇ ವಾರಕ್ಕೆ. ಈಗ ನಿನ್ನ ಮಗು ನೆತ್ತಿಯಿಂದ ಕುಂಡೆಯವರೆಗೆ 4–5 ಸೆಂಟಿಮೀಟರ್ ಇದ್ದೀತು. ಒಂದು ಉದ್ದನೆಯ ಅಪ್ಪೆಮಿಡಿಯಷ್ಟು. ಅಷ್ಟು ಆಳದಲ್ಲಿ ಕೂತ ಅಪ್ಪೆಮಿಡಿ ಹೊರಗೆ ಹೇಗೆ ಕಾಣಬೇಕು, ಹೇಳು.

ಬಸಿರಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದಂತೆ. ಗರ್ಭಕೋಶ ಬಿಗಿಯದಂತೆ ಅದನ್ನು ಸಡಿಲ ಇಡುವುದು ಅದರ ಕೆಲಸ. ಆದರೆ ಪಕ್ಕದಲ್ಲೇ ಇರುವ ಕರುಳನ್ನೂ ಸಡಿಲ ಮಾಡುತ್ತದೆ. ತಿಂದದ್ದು ನಿಧಾನ ಸಾಗುತ್ತದೆ, ಗಾಳಿ ತುಂಬುತ್ತದೆ, ಸಂಡಾಸಿಗೆ ಸರಿಯಾಗಿ ಆಗುವುದಿಲ್ಲ. ಬೆಳಿಗ್ಗೆ ಇದ್ದ ಹಾಗೆ ಹೊಟ್ಟೆ ರಾತ್ರಿ ಊಟದ ನಂತರ ಇರುವುದಿಲ್ಲ, ಉಬ್ಬಿರುತ್ತದೆ. ಹೊಟ್ಟೆ ಸಲೀಸಾಗಿ ಹೋದ ದಿನ, ಊಟ ಕಡಿಮೆಯಾದ ದಿನ ಉಬ್ಬರ ಇಳಿಯುತ್ತದೆ. ನೀನೇ ಎರಡನೇ ಪುಟದಲ್ಲಿ ಬರೆದಿದ್ದೀಯ, ನಾಲ್ಕು ದಿನದಿಂದ ಗಂಜಿ ಬಿಟ್ಟು ಏನೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂತ. ಎರಡನೇ ಪುಟದ ಮಾತಿಗೂ ಕೊನೇ ಪುಟದ ಮಾತಿಗೂ ಸಂಬಂಧ ಇದೆ ಅಂತ ನಿನಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ, ನನ್ನ ಕಾಲದಲ್ಲಿ.

ನನ್ನದನ್ನು ನಿನಗೆ ಯಾರೂ ಹೇಳಿಲ್ಲ. ನಿನ್ನ ಭಾವಂದಿರಿಗೂ ಪೂರ್ತಿ ಗೊತ್ತಿಲ್ಲ. ದೊಡ್ಡವನಿಗಿಂತ ಮುಂಚೆ ಒಂದು ಇತ್ತು.

1983ರ ಮಳೆಗಾಲ. ನಾನು ಈ ಮನೆಗೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಎರಡೂವರೆ ತಿಂಗಳಿಗೇ ನನ್ನ ಹೊಟ್ಟೆ ಎದ್ದು ಕಾಣುತ್ತಿತ್ತು. ಅದು ಹಲಸಿನ ಕಾಲ. ಮನೆಯಲ್ಲಿ ದಿನಾ ಹಲಸಿನ ಕಡುಬು, ಹಲಸಿನ ಹಣ್ಣು. ಹೊಟ್ಟೆ ಉಬ್ಬುವುದಕ್ಕೆ ಮತ್ತೇನು ಬೇಕು? ಆದರೆ ನಮ್ಮ ಅತ್ತೆಯವರಿಗೆ ಬಹಳ ಸಂತೋಷ. ಬಂದವರಿಗೆಲ್ಲ ತೋರಿಸುತ್ತಿದ್ದರು, ‘ಆಗಲೇ ಹೇಗೆ ಕಾಣ್ತದೆ ನೋಡಿ, ಗಂಡು ಮಾಣಿಯೇ’ ಅಂತ. ನಾನೂ ಸೀರೆಯ ನೆರಿಗೆಯನ್ನು ಸ್ವಲ್ಪ ಕೆಳಗೇ ಸಿಕ್ಕಿಸಿಕೊಳ್ಳುತ್ತಿದ್ದೆ. ಎಲ್ಲರಿಗೂ ಕಾಣಲಿ ಅಂತ.

ಒಂದು ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದಾಗ ನೋಡುತ್ತೇನೆ, ಹೊಟ್ಟೆ ಇಲ್ಲ. ಮದುವೆಗೆ ಮುಂಚೆ ಹೇಗಿತ್ತೋ ಹಾಗೆ. ಹಂಡೆಯ ಬೆಂಕಿಯ ಬೆಳಕಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಗ ನನ್ನ ಮನಸ್ಸಿಗೆ ಬಂದ ಮಾತು, ಅಕ್ಷರ ಬಿಡದೆ, ನೀನು ಬರೆದ ಮಾತೇ. ಒಳಗೆ ಏನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಅತ್ತೆಯವರಿಗೆ ಹೇಳಿದರೆ ಅವರ ಮುಖ ಹೇಗಾಗುತ್ತದೋ ಅನ್ನುವ ಹೆದರಿಕೆ. ನಿಮ್ಮ ಮಾವನಿಗೆ ಹೇಳಲು ನಾಚಿಕೆ. ಅಂಥ ಮಾತನ್ನು ಗಂಡನ ಹತ್ತಿರ ಆಡುವ ರೂಢಿ ನಮಗಿರಲಿಲ್ಲ. ಎಂಟು ದಿನ ಹೊಟ್ಟೆಯ ಮೇಲೆ ಸೆರಗು ದಪ್ಪ ಮಾಡಿ ಹೊದ್ದುಕೊಂಡು ಓಡಾಡಿದೆ. ಒಂಬತ್ತನೇ ದಿನ ರಕ್ತ ಕಂಡಿತು.

ಹಳ್ಳ ತುಂಬಿ ಸಂಕ ಮುಳುಗಿತ್ತು. ಮರುದಿನ ನೀರು ಇಳಿದ ಮೇಲೆ ಕಂಬಳಿ ಜೋಲಿ ಮಾಡಿ ಟಾರು ರಸ್ತೆಯವರೆಗೆ ಹೊತ್ತರು. ಆಸ್ಪತ್ರೆ ಸೇರುವಾಗ ಎಲ್ಲ ಮುಗಿದಿತ್ತು. ಅಲ್ಲಿಯ ಡಾಕ್ಟರು ನನ್ನ ಮುಖ ನೋಡದೆ ನಿಮ್ಮ ಮಾವನ ಹತ್ತಿರ, ‘ಆಗಿಹೋಯ್ತು, ಮುಂದಿನ ಸಲ ನೋಡೋಣ’ ಅಂದರು. ನನ್ನ ಹತ್ತಿರ ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನಿನಗೆ ಅರ್ಥವಾಯಿತಲ್ಲ, ಆ ಮೂರು ಸಾಲು ನನಗೆ ಯಾಕೆ ಹಾಗೆ ತಾಗಿತು ಅಂತ. ಇದನ್ನು ಓದಿ ನೀನು ಇನ್ನಷ್ಟು ಹೆದರಬಾರದು. ಬರೆಯಲೋ ಬೇಡವೋ ಅಂತ ಇವತ್ತು ಇಡೀ ದಿನ ಯೋಚಿಸಿದೆ. ಅಡಿಕೆ ಕೊನೆಗೆ ಮಳೆಗಾಲದ ಕೊಟ್ಟೆ ಕಟ್ಟಲು ಮರ ಹತ್ತುವ ಕೊನೆಗೌಡ ಬಂದಿದ್ದ, ಅವನಿಗೆ ಚಹಾಕ್ಕೆ ಸಕ್ಕರೆ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ಕೊನೆಗೆ ಬರೆಯಲೇಬೇಕು ಅನ್ನಿಸಿತು. ಯಾಕೆಂದರೆ ಇದರ ಇನ್ನೊಂದು ಅರ್ಧವೂ ಇದೆ. ಬರೀ ಮೊದಲರ್ಧ ನಂಬಿಕೊಂಡು ನಾನು ಎರಡು ವರ್ಷ ಹಾಳು ಮಾಡಿಕೊಂಡೆ.

ಹೊಟ್ಟೆ ಚಪ್ಪಟೆಯಾಯಿತು, ಆಮೇಲೆ ಹೋಯಿತು. ಅದಕ್ಕೇ ಹೋಯಿತು. ಹೀಗೆ ನಾನು ಗಂಟು ಹಾಕಿಬಿಟ್ಟೆ. ಆ ಬೆಳಿಗ್ಗೆಯೇ ಬಾಯಿ ಬಿಟ್ಟಿದ್ದರೆ ಉಳಿಯುತ್ತಿತ್ತು ಅಂದುಕೊಂಡೆ. ಅಟ್ಟ ಹತ್ತಿದ್ದಕ್ಕೆ, ಕೊಟ್ಟಿಗೆಗೆ ಸೊಪ್ಪು ಹೊತ್ತಿದ್ದಕ್ಕೆ ಹೋಯಿತು ಅಂತಲೂ ಅಂದುಕೊಂಡೆ.

1985ರಲ್ಲಿ ಮತ್ತೆ ತಿಂಗಳು ನಿಂತಿತು. ಈ ಸಲ ನಾನು ಹೊಟ್ಟೆಯನ್ನು ಕಾಯಲು ನಿಂತೆ. ಒಂದು ಹಳೆಯ ಲಂಗದ ಲಾಡಿ ಬಿಚ್ಚಿ ತೆಗೆದು, ದಿನಾ ರಾತ್ರಿ ಮಲಗುವ ಮುಂಚೆ ಹೊಕ್ಕುಳ ಮೇಲಿಂದ ಸುತ್ತಿ, ಎರಡು ತುದಿ ಕೂಡುವಲ್ಲಿ ಕುಂಕುಮದ ಬೊಟ್ಟು ಇಡುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಸುತ್ತುವುದು. ರಾತ್ರಿಯ ಬೊಟ್ಟಿಗಿಂತ ಬೆಳಿಗ್ಗೆ ಎರಡು ಬೆರಳು ಒಳಗೆ ಬರುತ್ತಿತ್ತು. ದಿನಾ ಹಾಗೇ. ದಿನಾ ರಾತ್ರಿ ಹೊಟ್ಟೆ ಬೆಳೆಯಿತು ಅಂತ ಸಮಾಧಾನ, ದಿನಾ ಬೆಳಿಗ್ಗೆ ಹೋಯಿತು ಅಂತ ಅಳು. ಆ ಲಾಡಿ ಇನ್ನೂ ನನ್ನ ಟ್ರಂಕಿನಲ್ಲಿದೆ. ನಿನ್ನೆ ರಾತ್ರಿ ತೆಗೆದು ನೋಡಿದೆ. ಬೊಟ್ಟುಗಳು ಈಗ ಕಂದು ಬಣ್ಣಕ್ಕೆ ತಿರುಗಿವೆ. ಒಂದರ ಮೇಲೊಂದು ಬಿದ್ದು, ನಾಲ್ಕು ಬೆರಳು ಉದ್ದದ ಒಂದೇ ಕಲೆಯಾಗಿದೆ. ಯಾವುದು ಯಾವ ದಿನದ್ದು ಅಂತ ಹೇಳಲು ಬರುವ ಹಾಗಿಲ್ಲ.

ಹನ್ನೊಂದನೇ ವಾರದ ಸುಮಾರಿಗೆ, ಮೊದಲನೆಯದರಲ್ಲಿ ಆದ ಹಾಗೆಯೇ ಒಂದು ಬೆಳಿಗ್ಗೆ ಹೊಟ್ಟೆ ಪೂರ್ತಿ ಇಳಿದುಬಿಟ್ಟಿತು. ವಾಕರಿಕೆಯೂ ಕಡಿಮೆಯಾಯಿತು. ಮುಗಿಯಿತು ಅಂದುಕೊಂಡೆ. ಈ ಸಲವೂ ಯಾರಿಗೂ ಹೇಳಲಿಲ್ಲ. ಎರಡು ವಾರ, ಕೂಸೇ. ಎರಡು ವಾರ ನಾನು ರಕ್ತಕ್ಕಾಗಿ ಕಾದೆ. ಬರಲಿಲ್ಲ.

ಆಗ ನಮ್ಮೂರಿಗೆ ತಿಂಗಳಿಗೊಮ್ಮೆ ಒಬ್ಬರು ನರ್ಸಮ್ಮ ಬರುತ್ತಿದ್ದರು. ಕುಮಟಾ ಕಡೆಯವರು, ಮಾತು ಒರಟು. ಜಗಲಿಯಲ್ಲಿ ಕೂತು ಎಲ್ಲರ ಹೆಸರು ಬರೆದುಕೊಳ್ಳುತ್ತಿದ್ದವರು ನನ್ನ ಮುಖ ನೋಡಿ, ‘ನಿನಗೇನಾಗಿದೆ, ಒಳಗೆ ನಡಿ’ ಅಂದರು. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದರು. ನಾನು ಲಾಡಿಯ ಕಥೆ ಹೇಳಿದೆ. ಮೊದಲ ಸಲ, ಒಂದು ಜೀವಕ್ಕೆ ಹೇಳಿದ್ದು. ಅವರು ಬೈಯಲಿಲ್ಲ. ನನ್ನ ಬಲಗೈಯ ಎರಡು ಬೆರಳು ಹಿಡಿದು, ಕಿಬ್ಬೊಟ್ಟೆಯ ಕೆಳಗೆ, ಮೂಳೆಯ ಸ್ವಲ್ಪ ಮೇಲೆ ಇಟ್ಟು ಮೆಲ್ಲಗೆ ಒತ್ತಿದರು. ‘ಇಲ್ಲಿ ಏನಾದರೂ ತಾಗ್ತದಾ?’ ಮೊದಲು ಏನೂ ತಾಗಲಿಲ್ಲ. ಉಸಿರು ಬಿಡು ಅಂದರು. ಬಿಟ್ಟಾಗ ಬೆರಳ ತುದಿಗೆ ಗಟ್ಟಿಯಾದ ದುಂಡನೆಯ ಒಂದು ಅಂಚು ಸಿಕ್ಕಿತು. ನೀರೊಳಗೆ ಮುಳುಗಿಸಿಟ್ಟ ಕಂಚಿಕಾಯಿಯ ನೆತ್ತಿ ಮುಟ್ಟಿದ ಹಾಗೆ. ‘ಇದು ನಿನ್ನ ಮಗುವಿನ ಮನೆ. ಲಾಡಿ ಸುತ್ತಿದ್ದು ಎಲ್ಲಿ? ಹೊಕ್ಕುಳ ಹತ್ತಿರ. ನೀನು ಅಳೆದದ್ದು ನಿನ್ನ ಊಟ’ ಅಂದರು.

ಆ ಕಂಚಿಕಾಯಿ ನಿನ್ನ ದೊಡ್ಡ ಭಾವ.

ಅವತ್ತೇ ನಾನು 83ರದ್ದನ್ನೂ ಕೇಳಿದೆ. ಆ ಬೆಳಿಗ್ಗೆಯೇ ಹೇಳಿದ್ದರೆ ಉಳಿಯುತ್ತಿತ್ತಾ? ಸೊಪ್ಪು ಹೊತ್ತದ್ದಕ್ಕೆ ಹೋಯಿತಾ? ಅವರು ಬಹಳ ಹೊತ್ತು ಸುಮ್ಮನಿದ್ದು, ಇಲ್ಲ ಅಂದರು. ಮೊದಲ ಮೂರು ತಿಂಗಳಲ್ಲಿ ಹೋಗುವ ಎಷ್ಟೋ ಬಸಿರು, ಬೀಜ ಕೂಡುವ ಹೊತ್ತಿನಲ್ಲೇ ಏನೋ ಹೆಚ್ಚುಕಡಿಮೆಯಾಗಿ ಉಳಿಯುವಂಥವಲ್ಲ, ತಾಯಿ ಏನು ಮಾಡಿದರೂ ಅದು ಬದಲಾಗುತ್ತಿರಲಿಲ್ಲ ಅಂದರು. ಈಗ ಅದನ್ನೇ ಕ್ರೋಮೋಸೋಮಿನ ತೊಂದರೆ ಅಂತ ಹೇಳುತ್ತಾರೆ. ನಾನು ನಂಬಲು ಬಹಳ ವರ್ಷ ಹಿಡಿಯಿತು. ಈಗ ನಂಬಿದ್ದೇನೆ.

ಹಾಗಾಗಿ ನೋಡು, ಒಂದೇ ಥರದ ಬೆಳಿಗ್ಗೆ ನನಗೆ ಎರಡು ಸಲ ಬಂತು. ಹೊಟ್ಟೆ ಎರಡು ಸಲವೂ ಇಳಿಯಿತು. ಒಂದು ಸಲ ಕಳೆದುಕೊಂಡೆ, ಒಂದು ಸಲ ಮಗ ಬಂದ. ಹೊಟ್ಟೆಗೆ ಎರಡು ಸಲವೂ ಏನೂ ಗೊತ್ತಿರಲಿಲ್ಲ. ನೀನೂ ಅದನ್ನು ಕೇಳಬೇಡ.

ಕನ್ನಡಿಯ ಮುಂದೆ ನಿಂತು ದಿನಾ ಮೊಬೈಲಲ್ಲಿ ಫೋಟೋ ತೆಗೆದು ಹಿಂದಿನದರ ಜೊತೆ ಇಟ್ಟು ನೋಡುತ್ತೀಯಂತೆ. ಅದು ನನ್ನ ಲಾಡಿಯೇ. ಬಿಡಲಾಗುವುದಾದರೆ ಬಿಡು. ಆಗದಿದ್ದರೆ ವಾರಕ್ಕೊಂದು ತೆಗೆ, ಅದೂ ಬೆಳಿಗ್ಗೆ ಒಂದೇ ಹೊತ್ತಿಗೆ. ಬೇಡ, ಬಿಟ್ಟೇಬಿಡು. ನನಗೆ ಯಾರಾದರೂ ಬಿಡು ಅಂದಿದ್ದರೆ ಬಿಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಜೋರಾಗಿ ಹೇಳಲು ಬಾಯಿ ಬರುವುದಿಲ್ಲ.

ಕೆಳಗಿನ ಮನೆಯವಳಿಗೂ ನಿನಗೂ ಒಂದೇ ವಾರ, ಅವಳ ಹೊಟ್ಟೆ ಈಗಲೇ ಕಾಣುತ್ತದೆ ಅಂತ ಬರೆದಿದ್ದೀಯ. ಅವಳಿಗೆ ಇದು ಎರಡನೆಯದು ಅಂತಲೂ ಬರೆದಿದ್ದೀಯ. ಒಮ್ಮೆ ಹಿಗ್ಗಿದ ಹೊಟ್ಟೆಯ ಸ್ನಾಯು ಎರಡನೇ ಸಲ ಬೇಗ ಜಾಗ ಬಿಡುತ್ತದೆ. ಚೊಚ್ಚಲಲ್ಲಿ ಬಿಗಿ ಜಾಸ್ತಿ. ಎಷ್ಟೋ ಹೆಂಗಸರಿಗೆ ನಾಲ್ಕು, ಐದು ತಿಂಗಳವರೆಗೂ ಕಾಣುವುದೇ ಇಲ್ಲ. ಕೆಲವರಿಗೆ ಗರ್ಭಕೋಶ ಹಿಂದಕ್ಕೆ ವಾಲಿಕೊಂಡಿರುತ್ತದೆ, ಅವರಿಗೂ ತಡವಾಗಿ ಕಾಣುತ್ತದೆ. ಅದೇನೂ ಕಾಯಿಲೆ ಅಲ್ಲ. ಎತ್ತರದವರಿಗೆ ಒಂದು ಥರ, ಗಿಡ್ಡದವರಿಗೆ ಒಂದು ಥರ. ನೀನು ನಿನ್ನ ಆಯಿಯ ಹಾಗೆ, ಎತ್ತರ, ಸಪೂರ.

ನಿನ್ನ ಆಯಿಯ ಮಾತು ಬಂತು. ಇದನ್ನೂ ಹೇಳಿಬಿಡುತ್ತೇನೆ, ಇವತ್ತು ಹೇಳದಿದ್ದರೆ ಮತ್ತೆ ಹೇಳುವುದಿಲ್ಲ.

ನೀನು ಅವಳ ಹೊಟ್ಟೆಯಲ್ಲಿದ್ದ ವರ್ಷ ಮಾರಿ ಜಾತ್ರೆ. ನಾವೆಲ್ಲ ಜಾತ್ರೆ ನಡೆಯುವ ಬಿಡಕಿಬೈಲಿಗೆ ಹೋಗಿ, ದೇವಿಗೆ ಉಡಿ ತುಂಬಿ, ಬಳೆ ಅಂಗಡಿಯಲ್ಲಿ ಕೂತಿದ್ದೆವು. ಅವಳಿಗೆ ಐದನೇ ತಿಂಗಳು. ಬಳೆಗಾರ ಅವಳ ಕೈ ಒತ್ತಿ ಹಸಿರು ಬಳೆ ಏರಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತವಳು, ಹತ್ತು ಜನ ಹೆಂಗಸರ ಎದುರಿಗೆ, ‘ಐದು ಅಂತೀಯಾ, ಹೊಟ್ಟೆಯೇ ಕಾಣ್ತಿಲ್ಲವಲ್ಲೇ, ಲೆಕ್ಕ ಸರಿ ಇದೆಯಾ?’ ಅಂದೆ. ಎಲ್ಲರೂ ನಕ್ಕರು. ಬಳೆ ಅವಳ ಹೆಬ್ಬೆರಳ ಗೆಣ್ಣಿನ ಹತ್ತಿರ ಇತ್ತು. ಅವಳ ಕೈ ಒಮ್ಮೆಲೇ ಗಟ್ಟಿಯಾಯಿತು, ಬಳೆ ಒಡೆಯಿತು. ಚೂರು ತಾಗಿ ಒಂದು ಹನಿ ರಕ್ತ ಬಂತು. ಅವಳು ಸೆರಗಿನಿಂದ ಒರೆಸಿಕೊಂಡು, ‘ಏನೂ ಆಗಲಿಲ್ಲ ಅತ್ತಿಗೆ’ ಅಂದಳು.

ಆ ರಾತ್ರಿಯಿಂದ ಅವಳು ಸರಿಯಾಗಿ ಮಲಗಲಿಲ್ಲ ಅಂತ ನಿನ್ನ ಅಪ್ಪಯ್ಯ ಬಹಳ ವರ್ಷದ ಮೇಲೆ ಹೇಳಿದ. ದಿನಾ ರಾತ್ರಿ ಎದ್ದು ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗು ಅಲುಗಾಡುತ್ತದಾ ಅಂತ ಕಾಯುತ್ತಿದ್ದಳಂತೆ. ಲಾಡಿಯ ಮೇಲೆ ಬೊಟ್ಟು ಇಟ್ಟು ಅತ್ತವಳು ನಾನು. ಆ ಹೆದರಿಕೆ ಹೇಗಿರುತ್ತದೆ ಅಂತ ಆ ಅಂಗಡಿಯಲ್ಲಿ ಕೂತವರಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಆದರೂ ಆಡಿದೆ. ಅವಳ ಹತ್ತಿರ ಒಂದು ಸಲ ಕೂತು, ತಪ್ಪಾಯಿತು ಮಾರಾಯ್ತಿ ಅಂತ ಹೇಳಬೇಕಿತ್ತು. ನಾಳೆ, ನಾಡಿದ್ದು ಅನ್ನುತ್ತಲೇ ದಿನ ಹೋದವು. ಇನ್ನು ಹೇಳಲು ಅವಳಿಲ್ಲ.

ಆ ಕಾಣದ ಹೊಟ್ಟೆಯಲ್ಲಿ ಇದ್ದದ್ದು ನೀನು. ಎರಡೂ ಮುಕ್ಕಾಲು ಕಿಲೋ ತೂಕ ಇದ್ದೆ, ಹುಟ್ಟಿದ ಕೂಡಲೇ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದೆ. ನಾನೇ ಎತ್ತಿಕೊಂಡಿದ್ದೆ.

ನಿನಗೂ ಯಾರಾದರೂ ಹೇಳುತ್ತಾರೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ. ಸಣ್ಣ ಇದೆಯಲ್ಲ, ದೊಡ್ಡ ಇದೆಯಲ್ಲ, ಅವಳಿ ಇರಬೇಕು, ಚೂಪಾಗಿದ್ದರೆ ಮಾಣಿ, ಅಗಲ ಇದ್ದರೆ ಹೆಣ್ಣು ಕೂಸು. ಹೊಟ್ಟೆಯ ಆಕಾರಕ್ಕೂ ಗಂಡು ಹೆಣ್ಣಿಗೂ ಸಂಬಂಧ ಇಲ್ಲ. ನನ್ನ ಪ್ರತಿ ಬಸಿರಿನಲ್ಲೂ ನಮ್ಮ ಅತ್ತೆಯವರು ಮಾಣಿ ಅಂದರು. ಕೊನೆಯದು ನನ್ನ ಮಗಳು, ನಿನ್ನ ಅತ್ತಿಗೆ. ಸ್ಕ್ಯಾನಿನವರನ್ನು ಅದರ ಬಗ್ಗೆ ಕೇಳಲೂ ಬೇಡ, 1994ರ ಕಾಯ್ದೆ ಪ್ರಕಾರ ಅವರು ಹೇಳುವ ಹಾಗೂ ಇಲ್ಲ. ನೀನು ಕೇಳುವವಳಲ್ಲ, ಗೊತ್ತು. ಪಕ್ಕದಲ್ಲಿ ಕೂತವರು ಕೇಳಿಯಾರು ಅಂತ ಬರೆದೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಒಳಗೆ ಏನೂ ಇಲ್ಲವೇನೋ. ಏಳನೇ ವಾರದ ಸ್ಕ್ಯಾನಿನಲ್ಲಿ ಎದೆಬಡಿತ ಕಂಡಿತ್ತು ಅಂತ ಆಗ ಫೋನ್ ಮಾಡಿದ್ದೆಯಲ್ಲ. ಅದು ದೊಡ್ಡ ಸಮಾಧಾನದ ವಿಷಯ. ಎದೆಬಡಿತ ಒಮ್ಮೆ ಕಂಡ ಮೇಲೆ ಬಸಿರು ಉಳಿಯುವ ಸಂಭವ ಬಹಳ ಹೆಚ್ಚು ಅಂತ ಡಾಕ್ಟರುಗಳು ಹೇಳುತ್ತಾರೆ. ಆದರೆ ಏನೂ ಆಗುವುದೇ ಇಲ್ಲ ಅಂತ ನಾನು ಬರೆದು ಕೊಡಲಾರೆ. ನಿನಗೆ ಸುಳ್ಳು ಹೇಳಲು ಮನಸ್ಸಿಲ್ಲ. ಒಳಗೆ ಏನಿದೆ ಅಂತ ಹೇಳಬಲ್ಲದ್ದು ಈ ವಾರದಲ್ಲಿ ಸ್ಕ್ಯಾನ್ ಒಂದೇ. ನನಗೆ ಅದು ಸಿಗಲಿಲ್ಲ. ನಮ್ಮ ಕಡೆ ಆಗ ಸ್ಕ್ಯಾನ್ ಮಾಡಿಸಿಕೊಂಡವರನ್ನೇ ನಾನು ಕಂಡಿರಲಿಲ್ಲ. ನಿನಗೆ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಮುಂದಿನ ಸ್ಕ್ಯಾನ್ ಬರುವ ಗುರುವಾರ ಅಂತ ಬರೆದಿದ್ದೀಯ. ಅದು 11ರಿಂದ 14ನೇ ವಾರದೊಳಗೆ ಮಾಡುವಂಥದ್ದು, ಹಾಗಾಗಿ ಹೊತ್ತಿಗೆ ಸರಿಯಾಗಿಯೇ ಇದೆ. ಅಲ್ಲಿಯವರೆಗೆ ತಡೆಯಲಾಗದಿದ್ದರೆ ಮುಂಚೆಯೇ ಹೋಗು. ‘ಹೊಟ್ಟೆ ಇಳಿದ ಹಾಗಿದೆ, ಮನಸ್ಸಿಗೆ ಸಮಾಧಾನ ಇಲ್ಲ, ಒಮ್ಮೆ ನೋಡಿ’ ಅಂತ ಹೇಳು. ಡಾಕ್ಟರು ಏನೆಂದುಕೊಳ್ಳುತ್ತಾರೋ ಅಂತ ಸಂಕೋಚ ಮಾಡಬೇಡ. ಆ ಸಂಕೋಚ ನನಗೆ ಬಹಳ ತುಟ್ಟಿಯಾಯಿತು.

ವಾಂತಿ, ಸುಸ್ತು ಕಡಿಮೆಯಾದರೂ ಹೆದರಬೇಡ. ಮೂರು ತಿಂಗಳು ತುಂಬುವ ಹೊತ್ತಿಗೆ ಅದು ತನ್ನಷ್ಟಕ್ಕೇ ಇಳಿಯುವುದು ಉಂಟು. ಹೆದರಬೇಕಾದ್ದು ಬೇರೆ ಇದೆ. ರಕ್ತ ಕಂಡರೆ, ಸ್ವಲ್ಪವೇ ಆದರೂ, ಡಾಕ್ಟರಿಗೆ ತಿಳಿಸು. ಹೊಟ್ಟೆಯಲ್ಲಿ ಬಿಡದ ನೋವು, ಜ್ವರ, ತಲೆ ತಿರುಗಿ ಬೀಳುವ ಹಾಗಾಗುವುದು, ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾಗುವುದು, ಇವು ಆದರೆ ರಾತ್ರಿ ಹಗಲು ನೋಡದೆ ಹೋಗು. ಅಳಿಯ ಶಿಫ್ಟಿನಲ್ಲಿದ್ದರೆ ಕೆಳಗಿನ ಮನೆಯವಳನ್ನು ಎಬ್ಬಿಸು. ಅವಳಿಗೆ ಇದು ಗೊತ್ತಿರುವ ದಾರಿ.

ಊಟದ ವಿಷಯ ನಿನಗೆ ಹೇಳುವಷ್ಟು ನನಗೆ ಗೊತ್ತಿಲ್ಲ. ಉಬ್ಬರಕ್ಕೆ ಒಂದೇ ಸಲ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪ ಐದಾರು ಸಲ ಉಣ್ಣು. ನೀರು ಜಾಸ್ತಿ ಕುಡಿ. ಬಸಳೆ, ಹರಿವೆ ಸೊಪ್ಪು ಸಿಕ್ಕರೆ ಚೆನ್ನಾಗಿ ತೊಳೆದು ಬೇಯಿಸಿಕೊಂಡು ತಿನ್ನು. ಊಟದ ಮೇಲೆ ಮಳೆ ಬಿಟ್ಟ ಹೊತ್ತಲ್ಲಿ ನಾಲ್ಕು ಹೆಜ್ಜೆ ಓಡಾಡು. ಹಲಸಿನ ಹಣ್ಣು ಒಂದೆರಡು ತೊಳೆ ಸಾಕು. ಬಾಯಿ ಕಹಿಯಾದಾಗ ತೆಳ್ಳಗೆ ಅಪ್ಪೆಹುಳಿ ಮಾಡಿಕೋ, ಮೆಣಸು ಕಡಿಮೆ ಹಾಕು. ಫೋಲಿಕ್ ಆಸಿಡ್ ಮಾತ್ರೆ ಬಿಡಬೇಡ. ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ ಶುರುವಾದರೆ ಹೊಟ್ಟೆ ಮತ್ತೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ. ಆಗ ಮತ್ತೊಮ್ಮೆ ಹೊಟ್ಟೆ ದಪ್ಪ ಕಂಡೀತು. ಈಗಲೇ ಹೇಳಿಡುತ್ತೇನೆ, ಆಗ ಇನ್ನೊಂದು ಥರ ಹೆದರಬಾರದು ಅಂತ. ಯಾರಾದರೂ ನಾರು ಬೇರು, ಕಷಾಯ ಅಂತ ಕೊಟ್ಟರೆ ಡಾಕ್ಟರನ್ನು ಕೇಳದೆ ಕುಡಿಯಬೇಡ. ನಾನು ಕೊಟ್ಟರೂ ಅಷ್ಟೇ. ಪ್ಯಾಂಟಿನ ಲಾಡಿ ಬಿಗಿ ಕಟ್ಟಬೇಡ. ಆಶಾ ಕಾರ್ಯಕರ್ತೆ ಬಂದರೆ ತಾಯಿ ಕಾರ್ಡ್ ಮಾಡಿಸಿಕೋ. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಪುಕ್ಕಟೆ ನೋಡುತ್ತಾರೆ, ಅದು ಗೊತ್ತಿರಲಿ. ನಿನಗೆ ಇವೆಲ್ಲ ನನಗಿಂತ ಜಾಸ್ತಿ ಗೊತ್ತಿರುತ್ತದೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೆ.

ಒಂದು ಕೆಲಸ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ಕಾಗದ ಓದಿ ಮುಗಿಸಿದ ಕೂಡಲೇ ಅಳಿಯನಿಗೆ ಹೇಳು. ಹೇಗೆ ಹೇಳುವುದು ಅಂತ ಗೊತ್ತಾಗದಿದ್ದರೆ ಇದನ್ನೇ ಅವನ ಕೈಗೆ ಕೊಡು. 83ರದ್ದು, ಬಳೆ ಅಂಗಡಿಯದ್ದು, ಎಲ್ಲವನ್ನೂ ಅವನು ಓದಲಿ. ನನಗೇನೂ ಬೇಜಾರಿಲ್ಲ. ನೀನು ಒಬ್ಬಳೇ ಎಂಟು ದಿನ ಸೆರಗು ಹೊದ್ದುಕೊಂಡು ಓಡಾಡುವುದು ಬೇಡ.

ನಿನ್ನ ಹತ್ತಿರ ಬಂದು ಇರಬೇಕು ಅನ್ನಿಸುತ್ತದೆ. ದೇವಿಮನೆ ಘಟ್ಟದಲ್ಲಿ ಮಣ್ಣು ಜರಿಯುತ್ತದೆ ಅಂತ ನಿಮ್ಮ ಮಾವ ಬಿಡುತ್ತಿಲ್ಲ. ಮಳೆ ಸ್ವಲ್ಪ ಹಿಡಿದರೆ ಬರುತ್ತೇನೆ. ಭೂಮಿ ಹುಣ್ಣಿಮೆಗೆ ನೀವೇ ಬನ್ನಿ. ಆಗ ನಿನಗೆ ಆರನೇ ತಿಂಗಳಾಗುತ್ತದೆ. ಗದ್ದೆಯಲ್ಲಿ ಬತ್ತವೂ ಹೊಡೆಯಾಗಿರುತ್ತದೆ. ಬಯಕೆ ಊಟ ಭೂಮಿಗೆ ಬಡಿಸಿ, ನಿನಗೂ ಬಡಿಸುತ್ತೇನೆ.

ಮಳೆ ಶುರುವಾದಾಗಿನಿಂದ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬೆಟ್ಟದ ಮೇಲೆ ಗೇರುಮರದ ಹತ್ತಿರ ಎರಡು ಕಡ್ಡಿ ಬರುತ್ತದೆ. ಗುರುವಾರ ಸ್ಕ್ಯಾನ್ ಹತ್ತೂವರೆಗೆ ಅಂದಿದ್ದೀಯ. ಹತ್ತು ಗಂಟೆಯಿಂದ ಕೊಡೆ ಹಿಡಿದು ಅಲ್ಲೇ ನಿಂತಿರುತ್ತೇನೆ. ಹೊರಗೆ ಬಂದ ಕೂಡಲೇ, ಅವರು ಏನೇ ಹೇಳಿದರೂ, ಮೊದಲು ನನಗೆ ಫೋನ್ ಮಾಡು.

ನಿನ್ನ
ಅತ್ತೆ